ಹೆಡ್‌ಫೋನಿನ ಸವತಿ

ಟಿವಿಯಲ್ಲಿ ಫಯಾಜ ಬಾಯಿ ತೆರೆದರೆ ಹೆಣ್ಣಿನ ದನಿ ಬಂತು. ಮುದ್ದೇಬಿಹಾಳ ಕೋರ್ಟಿನ ಬಾರ್ ರೂಮಿನಲ್ಲಿ ಕೂತ ವಕೀಲರೆಲ್ಲ ಬಿದ್ದು ಬಿದ್ದು ನಕ್ಕರು. ಅಡ್ವೊಕೇಟ್ ಕೌಸರ ನಗಲಿಲ್ಲ.

ಆರು ತಿಂಗಳ ಹಿಂದೆ ಇದೇ ರೂಮಿನಿಂದ ಎದ್ದು ಹೋಗಿ ಫಯಾಜ ರಾಜ್ಯಸಭಾ ಸದಸ್ಯನಾಗಿದ್ದ. ಅಲ್ಲಿಯೂ ಕನ್ನಡದಲ್ಲೇ ಮಾತಾಡುತ್ತಿದ್ದ. ಹೆಡ್‌ಫೋನ್ ಹಾಕಿಕೊಂಡವರಿಗೂ ಟಿವಿ ನೋಡುವವರಿಗೂ ಅದನ್ನು ಇಂಗ್ಲಿಷಿನಲ್ಲಿ ಹೇಳುವವಳು ಒಬ್ಬಳು ದುಭಾಷಿ. ಮುಖ ಕಾಣದು, ದನಿ ಮಾತ್ರ ಕೇಸರಿ ಹಾಕಿದ ಹಾಲು. ಅವನು 'ನಾನು' ಅಂದರೆ ಇವಳೂ 'ಐ' ಅನ್ನುತ್ತಾಳೆ. ಏನು ಸಲುಗೆ!

ಹತ್ತು ವರ್ಷ ಅವನ ವಾದಗಳನ್ನು ಮೊದಲು ಓದಿ, ಕೆಂಪು ಪೆನ್ನಿನಿಂದ ಕೊಚ್ಚಿದವಳು ಕೌಸರ. ಇಂಡಿ, ಸಿಂದಗಿ, ಬಾಗೇವಾಡಿ ಕೋರ್ಟುಗಳಲ್ಲಿ ಬಾಯಿ ಅವನದು, ಬುದ್ಧಿ ಇಬ್ಬರದು. ಮನಸ್ಸಿನ ವಿಚಾರಕ್ಕೆ ಮಾತ್ರ ಇಬ್ಬರೂ ಬರೀ ಮುಂದಿನ ತಾರೀಖು ಕೇಳುತ್ತ ಬಂದಿದ್ದರು.

ಅಧಿವೇಶನ ಮುಗಿಸಿ ಫಯಾಜ ಸೀದಾ ಅವಳ ಆಫೀಸಿಗೆ ಬಂದ.

"ಭಾಷಣ ಹೆಂಗಿತ್ರಿ, ವಕೀಲರ?"

"ಯಾರದು? ನಿಮ್ದೋ, ಆಕಿದೋ?"

"ಯಾರ ಆಕಿ?"

ಕೌಸರ ಕತ್ತು ಕೊಂಕಿಸಿ, "ಆನರಬಲ್ ಚೇರ್ಮನ್ ಸರ್, ಐ ಹಂಬ್ಲಿ ಸಬ್ಮಿಟ್..." ಎಂದು ಥೇಟ್ ಆ ದನಿ ತೆಗೆದಳು. ಹೊರಗಿದ್ದ ಕ್ಲಾರ್ಕ್ ನಬಿಲಾಲ, "ಟಿವಿ ಹಚ್ಚೀರೇನ್ರಿ?" ಅಂತ ಇಣುಕಿದ.

ಫಯಾಜ ನಕ್ಕ. ಅದೇ ತಪ್ಪಾಯಿತು.

"ನಗಬ್ಯಾಡ್ರಿ. ಮಾತಾಡೂದಕ್ಕಿಂತ ಮೊದಲ ಆಕಿಗೆ ಭಾಷಣ ಕಳಸ್ತೀರಂತ, ಹೌದಿಲ್ಲೋ?"

"ಕಳಸ್ಲಿಲ್ಲಂದ್ರ ಆಕಿ ಹೆಂಗ ಹೇಳ್ಬೇಕ್ರಿ?"

"ಅದನ್ನ ಮೊದಲ ಓದೋಕಿ ನಾ ಇದ್ದೆ."

ಎದುರು ಸಾಕ್ಷಿಗಳ ನೀರಿಳಿಸುವ ಆ ಕಣ್ಣುಗಳಲ್ಲೇ ಈಗ ನೀರು. ಫಯಾಜನ ನಗು ಇಳಿಯಿತು.

"ಅಮ್ಮಿ ಆಲಮೇಲದ ಸಂಬಂಧ ನೋಡ್ಯಾರ," ಅಂದಳು. "ನಾಳೆ ಬರ್ತಾರ. ಹೂಂ ಅಂತೇನಿ."

ಹೊಟ್ಟೆಯೊಳಗಿನ ಕಿಚ್ಚು ಮೇಜು ದಾಟಿ ಆ ಕಡೆ ಹೊತ್ತಿಕೊಂಡಿತು.

"ಏನ್ ಮಾಡ್ತಾನ ಅಂವಾ?"

"ಇಂಜಿನಿಯರ್."

"ನಿಮ್ಮ ಕೆಂಪು ಪೆನ್ನು ತಡ್ಕೋತಾನೇನು?"

"ರೂಢಿ ಮಾಡಸ್ತೇನಿ."

ಫಯಾಜ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ. "ಕೌಸರ, ಇದನ್ನ ಬರ್ಕೊಂಡ ಬಂದಿಲ್ಲ. ಯಾರಿಗೂ ಕಳಿಸಿಲ್ಲ. ನೀ ನನ್ನ ಲಗ್ನ ಆಗ್ತೀಯೇನು?"

ಹತ್ತು ವರ್ಷದಲ್ಲಿ ಮೊದಲ ಸಲ 'ನೀ' ಅಂದಿದ್ದ. ಅವಳು ಮೇಜಿನ ಮೇಲಿನ ಫೈಲನ್ನು ಸುಮ್ಮನೆ ಎರಡು ಸಲ ಸರಿಪಡಿಸಿದಳು. ಆಮೇಲೆ ಸ್ಕೂಟಿಯ ಕೀಲಿ ತೆಗೆದಳು.

"ನಡಿ. ಅಮ್ಮಿ ಮುಂದ ಹೇಳು."

"ಹೊರಗ ಕಾರ್ ಐತಿ."

"ಗ್ಲಾಸ್ ಏರಿಸಿದ ಕಾರಿನ್ಯಾಗ ಯಾರಿಗೆ ಕಾಣ್ತೀ? ಹಿಂದ ಕೂಡು."

ಮಾನ್ಯ ಸದಸ್ಯರು ಮಡಿಲಲ್ಲಿ ಅವಳ ಕರೀ ಕೋಟು ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಬಜಾರಿಗೆ ಬಜಾರೇ ತಿರುಗಿ ನೋಡಿತು. ಕೌಸರ ಬೇಕಂತಲೇ ಸ್ಕೂಟಿಯನ್ನು ನಿಧಾನ ಮಾಡಿದಳು.