ತುಂಗಕುಂಟದ ಚೊಕ್ಕ ದಾರಿ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ತುಂಗಕುಂಟ ಪೊಲೀಸ್ ಠಾಣೆಗೆ ಒಂದು ದೂರು ಬಂತು. ತಂದವರು ನಾರಾಯಣಗೂಡದ ಗೋದಾಬಾಯಿ, ವಯಸ್ಸು ಅರವತ್ತೆರಡು, ನಿವೃತ್ತ ಶಾಲಾ ಶಿಕ್ಷಕಿ. ಅವರ ಗಂಡ ಮಲ್ಲಿಕಾರ್ಜುನ ಅದೇ ಹೊತ್ತಿಗೆ ಆಸ್ಪತ್ರೆಯ ಐಸಿಯುನಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಗಂಡನನ್ನು ಆ ಸ್ಥಿತಿಯಲ್ಲಿ ಬಿಟ್ಟು ಠಾಣೆಗೆ ಬರಬೇಕಾದರೆ ಈ ಹೆಂಗಸಿನ ಸಿಟ್ಟು ಎಷ್ಟಿರಬೇಕು ಎಂದುಕೊಂಡು ಇನ್‌ಸ್ಪೆಕ್ಟರ್ ಪ್ರಿಯಂವದಾ ಕುರ್ಚಿ ತೋರಿಸಿದರು. ಹೆಸರು ಕೇಳಿದೊಡನೆ ತೆಲುಗು ಬಿಟ್ಟು ಕನ್ನಡಕ್ಕೆ ಬಂದರು. ಗೋದಾಬಾಯಿಯವರಂತೆ ಪ್ರಿಯಂವದಾ ಅವರದೂ ಕಲಬುರಗಿ ಕಡೆಯ ಮನೆತನ, ಅಜ್ಜನ ಕಾಲಕ್ಕೇ ನೌಕರಿಗೆಂದು ಹೈದರಾಬಾದು ಸೇರಿದ್ದು.

"ಯಾರ ಮ್ಯಾಲ ದೂರು, ಬಾಯಾರ?"

"ಲಹರಿ ಅಂತ ಒಬ್ಬಾಕಿ ಅದಾಳ್ರಿ. ಭಾನುವಾರಕ್ಕೊಮ್ಮೆ ಮಂದಿನ್ನ ಸಿಟಿ ಬಸ್ಸಿನ್ಯಾಗ ಕರಕೊಂಡು ಹೋಗಿ ಕೆರಿ ದಂಡಿಗುಂಟ ನಡಸ್ತಾಳ. ಹಿಂದಿನ ದಿನ ಗಿಡಕ್ಕ ಕೆಂಪು ಅರಿವಿ ಕಟ್ಟಿ ದಾರಿ ಗುರುತು ಮಾಡಿರ್ತಾಳ. ಈ ಸಲ ಗುರುತು ತಪ್ಪು ಕಟ್ಟ್ಯಾಳ. ಇವತ್ತ ಮುಂಜಾನೆ ನಮ್ಮವರು ಹುದುಲಿನ್ಯಾಗ ಸಿಗಬಿದ್ರು. ಎಫ್‌ಐಆರ್ ಹಾಕ್ರಿ."

"ಈಗ ಹೆಂಗ ಅದಾರ ಅವರು?"

"ಟ್ಯೂಬ್ ಹಾಕ್ಯಾರ. ರಾಡಿ ನೀರು ಪುಪ್ಪುಸಕ್ಕ ಹೋಗೈತಿ, ನಾಳಿ ತನಕ ಏನೂ ಹೇಳಂಗಿಲ್ಲ ಅಂದ್ರು ಡಾಕ್ಟರು." ದನಿ ಒಡೆಯಿತು. ಸೆರಗಿನಿಂದ ಮೂಗು ಒರೆಸಿಕೊಂಡರು. ಆದರೆ ಮುಂದಿನ ಮಾತಿಗೆ ಅದೇ ದನಿ ಮತ್ತೆ ಗಟ್ಟಿಯಾಯಿತು. "ಈ ನಡಿಗಿ ಶುರು ಮಾಡಿದಾಕಿ ನಾನ್ರಿ. ಬಸ್ ಮುಟ್ಟೂ ಕೆರಿ ಒಂದನ್ನೂ ಬಿಟ್ಟಿಲ್ಲ, ಎಲ್ಲಾ ತೋರಿಸೀನಿ ಮಂದಿಗೆ. ಆಕಿ ನನ್ನ ಹಂತ್ಯಾಕ ಕಲತು, ತನ್ನದ ಒಂದು ಗುಂಪು ಕಟ್ಟಿದ್ಲು. ಪೇಪರಿನ್ಯಾಗ ಫೋಟೋ ಬಂತು, ಕೆರಿ ಹುಡುಗಿ ಅಂತ. ಅವತ್ತಿಂದ ಆಕಿ ಕಾಲು ನೆಲದ ಮ್ಯಾಲ ಇಲ್ಲ. ನಮ್ಮ ಮನಿಯವರಂತೂ ಆ ಫೋಟೋ ಕತ್ತರಿಸಿ ಫ್ರಿಜ್ಜಿಗೆ ಅಂಟಿಸ್ಯಾರ!"

ಬರೆದುಕೊಳ್ಳುತ್ತಿದ್ದ ಪ್ರಿಯಂವದಾ ತಲೆ ಎತ್ತಿ ನೋಡಿದರು. ಈ ಧಾಟಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೋದ ತಿಂಗಳು ಸರಗಳ್ಳತನದ ಕೇಸನ್ನು ಹಗಲೂ ರಾತ್ರಿ ಬೆನ್ನು ಹತ್ತಿ ಬಿಡಿಸಿದ್ದು ತಾವು, ಪೇಪರಿನಲ್ಲಿ ಹಲ್ಲು ಕಿರಿದು ನಿಂತದ್ದು ಸಬ್ ಇನ್‌ಸ್ಪೆಕ್ಟರ್ ಭರತ. ಅವತ್ತು ಅಡುಗೆಮನೆಯಲ್ಲಿ ಅತ್ತೆಯ ಮುಂದೆ ತಾವು ಆಡಿದ್ದೂ ಇದೇ ಧಾಟಿಯಲ್ಲಿ. ಥೂ, ಎಂಥ ಸಣ್ಣತನ ಎಂದು ತಮ್ಮನ್ನೇ ಬೈದುಕೊಂಡರೂ ಭರತ ಎದುರಾದರೆ ಇವತ್ತಿಗೂ ಫೈಲಿನೊಳಗೆ ಮುಖ ಹಾಕುತ್ತಿದ್ದರು. ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದ ಆರೋಪದಡಿ ಎಫ್‌ಐಆರ್ ದಾಖಲಿಸಿ, ಗೋದಾಬಾಯಿಯವರನ್ನು ಆಸ್ಪತ್ರೆಗೆ ಕಳಿಸಿ, ಹೆಡ್ ಕಾನ್‌ಸ್ಟೇಬಲ್ ಹುಲಗೇಶನನ್ನು ಕರೆದುಕೊಂಡು ಅವರು ಜೀಪು ಹತ್ತಿದರು.

ಕುಷಾಯಿಗೂಡ ದಾಟಿ ಹೋಗುವ ಬಸ್ಸು ಕೊನೆಗೆ ನಿಲ್ಲುವುದು ತುಂಗಕುಂಟದಲ್ಲಿ. ಅಲ್ಲಿಳಿದು ಹತ್ತು ಹೆಜ್ಜೆ ನಡೆದರೆ ಕೆರೆಯ ಏರಿ. ಲಹರಿ ಏರಿಯ ಮೇಲೆ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದಳು. ಇಪ್ಪತ್ತಾರರ ಹುಡುಗಿ, ಸೊಂಟದ ತನಕ ಕೆಸರು ಒಣಗಿ ಬಿಳಿಚಿತ್ತು. ಮಲ್ಲಿಕಾರ್ಜುನರನ್ನು ಎಳೆದು ತೆಗೆಯಲು ಮೊದಲು ಹುದುಲಿಗೆ ಇಳಿದವಳು ಅವಳೇ.

"ಗುರುತು ಯಾವಾಗ ಕಟ್ಟಿದಿ?"

"ನಿನ್ನೆ ಮಧ್ಯಾಹ್ನ, ಮೇಡಂ. ಆ ಬೇವಿನ ಗಿಡದ ಹತ್ರ ದಾರಿ ಒಡೀತದ. ಎಡಕ್ಕ ಏರಿ, ಬಲಕ್ಕ ಹುದುಲು. ನಾನು ಎಡಕ್ಕೇ ಕಟ್ಟಿದ್ದೆ." ಫೋನು ತೆಗೆದು ತೋರಿಸಿದಳು. ನಿನ್ನೆಯ ಫೋಟೋದಲ್ಲಿ ಕೆಂಪು ಬಟ್ಟೆಯ ತುಂಡುಗಳು ಎಡಕ್ಕೇ ಇದ್ದವು. ಈಗ ಒಂದೂ ಬಿಡದೆ ಬಲಕ್ಕೆ, ಆಳೆತ್ತರದ ಜೇಕು ಹುಲ್ಲಿನೊಳಗೆ ಹೋಗಿದ್ದವು.

"ನೀ ಮುಂದ ಇದ್ದಿದ್ರ ಗೊತ್ತಾಗ್ತಿತ್ತಲ್ಲ?"

"ನಾ ಮುಂದ ಇರಲ್ಲ ಮೇಡಂ, ಎಲ್ಲಾರ ಹಿಂದ ಇರ್ತೀನಿ. ಹೊಸದಾಗಿ ಬಂದವರು ಮೊದಲು ನಡೀಬೇಕು, ಅದು ನಮ್ಮ ಗುಂಪಿನ ರೂಢಿ. ಕೆರೆ ಮೊದಲು ಅವರಿಗೆ ಕಾಣ್ಲಿ ಅಂತ. ಇವತ್ತು ಮಲ್ಲಿಕಾರ್ಜುನ ಅಂಕಲ್ ಒಬ್ಬರೇ ಹೊಸಬರು. ಹೊಸ ಬೂಟು ಹಾಕ್ಕೊಂಡು ಬಂದಿದ್ರು. ಭಾಳ ಖುಷೀಲೆ ದಡಾದಡಾ ಹೊಂಟ್ಬಿಟ್ರು." ಹುಡುಗಿ ಮತ್ತೆ ಮೊಣಕಾಲಿಗೆ ಮುಖ ಕೊಟ್ಟಳು.

ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಶುರುವಾಯಿತು. ಕೆರೆ ಎಂದರೆ ಹೆಸರಿಗೆ ಕೆರೆ. ನಡುವೆ ನೀರುಕೋಳಿಗಳು ತಮ್ಮ ಪಾಡಿಗೆ ತೇಲುತ್ತಿದ್ದವು, ದಡದಲ್ಲಿ ಮಾತ್ರ ಊರಿನ ಹೊಲಸೆಲ್ಲ ಬಿದ್ದಿತ್ತು. ಬಿಯರ್ ಬಾಟಲಿ, ಗುಟ್ಕಾ ಚೀಟಿ, ಪೂಜೆಯ ಬಾಡಿದ ಹೂವು, ಒಡೆದ ತೆಂಗಿನಕಾಯಿ. ಹುಲಗೇಶ ಮೂಗು ಮುಚ್ಚಿಕೊಂಡು ಬೇವಿನ ಮರದಿಂದ ಹುದುಲಿನ ತನಕ ಟೇಪು ಹಿಡಿದು ಹೋದವನು ಅಲ್ಲಿಂದಲೇ ಕೂಗಿದ.

"ಮೇಡಂ, ಇದೊಂದು ಮಜಾ ನೋಡ್ರಿ! ಆ ಕಡೆ ಕಾಲಿಟ್ಟಲ್ಲೆಲ್ಲ ಬಾಟಲಿ. ಈ ಕಡೆ ಒಂದು ಚೀಟಿ ಸೈತ ಇಲ್ಲ. ಯಾರೋ ಮದುವಿ ಮನಿ ಅಂಗಳ ಮಾಡಿದಂಗ ಮಾಡ್ಯಾರ."

ಪ್ರಿಯಂವದಾ ನಡೆದು ನೋಡಿದರು. ನಿಜವೇ. ಬಟ್ಟೆ ಕಟ್ಟಿದ ಗಿಡಗಳ ಉದ್ದಕ್ಕೂ, ಹುದುಲಿನ ಅಂಚಿನ ತನಕ, ನೆಲ ಚೊಕ್ಕವಾಗಿತ್ತು. ಬಾಟಲಿ ಕಿತ್ತ ಜಾಗದಲ್ಲಿ ಹಸಿ ಮಣ್ಣಿನ ಕುಳಿ ಇನ್ನೂ ಹಾಗೇ ಇತ್ತು. ಮನುಷ್ಯರನ್ನು ಕೆಸರಿಗೆ ಕಳಿಸಲು ಬಂದವರು ದಾರಿಯ ಕಸ ಯಾಕೆ ಆರಿಸಬೇಕು? ಕಸ ಆರಿಸಿದ್ದು ಬೇಕೆಂದಲ್ಲ. ನಡೆಯುವಾಗ ಕಸ ಕಂಡರೆ ಕೈ ತಾನಾಗಿಯೇ ಬಗ್ಗುವಷ್ಟು ರೂಢಿಯಾದವರು ಯಾರೋ ಇಲ್ಲಿ ನಡೆದಿದ್ದಾರೆ.

ಅವರು ಲಹರಿಯ ಹತ್ತಿರ ಬಂದು ಕೂತರು. "ನಿಮ್ಮೊಳಗ ಹಾದಿ ಕಸ ಆರಿಸೋರು ಯಾರವ್ವಾ?"

"ಎಲ್ಲಾರೂ ಅಷ್ಟಿಷ್ಟು ಆರಸ್ತೀವಿ. ಆದ್ರ ಗೋದಾ ಟೀಚರ್ ಹಂಗ ಯಾರಿಗೂ ಆಗಲ್ಲ. ಶೇಂಗಾ ಸಿಪ್ಪಿ ಬಿದ್ರೂ ನಿಂತು, ಆರಿಸಿಸಿ, ಮುಂದ ಬಿಡ್ತಿದ್ರು. ನಾ ಕಲತಿದ್ದೆಲ್ಲಾ ಅವರ ಕೈಯಾಗ." ಅವಳು ಅದನ್ನು ಅಭಿಮಾನದಿಂದಲೇ ಹೇಳಿದಳು.

ಪ್ರಿಯಂವದಾ ಹುಲಗೇಶನ ಮುಖ ನೋಡಿದರು. ಅವನು "ಅಯ್ಯೋ ಶಿವನೇ" ಎಂದ.

ಕೆರೆಯ ಆಚೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿದ್ದವು. ಯಾದಗಿರಿ ಕಡೆಯಿಂದ ದುಡಿಯಲು ಬಂದ ಹುಸೇನಮ್ಮ ಶೆಡ್ಡಿನ ಮುಂದೆ ಬಾಟಲಿಗಳನ್ನು ಗುಜರಿಗೆಂದು ಬೇರೆ ಮಾಡುತ್ತಿದ್ದಳು.

"ಈ ಬಾಟಲಿ ಎಲ್ಲಿವವ್ವಾ?" ಹುಲಗೇಶ ಕೇಳಿದ.

"ನಿನ್ನಿ ಸಂಜಿಕ ಒಬ್ರು ಬಾಯಾರು ಕೊಟ್ಟು ಹೋದ್ರಿ. ಜೇಕಿನ್ಯಾಗ ಬಗ್ಗಿ ಬಗ್ಗಿ ಆರಸಾಕತ್ತಿದ್ರು. ಮುನ್ಸಿಪಾಲ್ಟಿಯವರು ಅಂದ್ಕೊಂಡೆ. ನನ್ನ ಮಗಳು ಚಾಕಲೇಟ್ ಚೀಟಿ ಒಗದ್ಲಂತ ಬೈದ್ರು ನೋಡ್ರಿ, ನಮ್ಮ ಮಾತಿನ್ಯಾಗ! ಈ ಊರಾಗ ಕನ್ನಡದಾಗ ಬೈಸ್ಕೊಂಡು ಎಷ್ಟು ದಿನ ಆಗಿತ್ತೋ, ನಗು ಬಂತು ನನಗ. ಆಮ್ಯಾಲ ಬಸ್ ಹತ್ತಿ ಹೋದ್ರು."

ಹುಲಗೇಶ ಲಹರಿಯ ಫೋನಿನಿಂದ ತಗೊಂಡಿದ್ದ, ಗೋದಾಬಾಯಿಯವರದೂ ಸೇರಿ ನಾಲ್ಕೈದು ಹೆಂಗಸರ ಫೋಟೋ ತೋರಿಸಿದ. ಹುಸೇನಮ್ಮ ತಡಮಾಡದೆ ಒಂದರ ಮೇಲೆ ಬೆರಳಿಟ್ಟಳು. "ಇವರ ರಿ."

ಜೀಪಿನಲ್ಲಿ ಹುಲಗೇಶ ತಲೆ ಕೊಡವಿದ. "ಇಂಥ ಕೆಲಸಕ್ಕೂ ಸಿಟಿ ಬಸ್ಸಿನ್ಯಾಗ ಬಂದಾರಲ್ಲ ಮೇಡಂ. ಆಟೋ ಸೈತ ಮಾಡಿಲ್ಲ."

ಸಂಜೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋದಾಬಾಯಿ ಐಸಿಯು ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಪ್ರಿಯಂವದಾ ಪಕ್ಕದಲ್ಲಿ ಕೂತರು.

"ನಿನ್ನಿ ಸಂಜಿಕ ಎಲ್ಲಿದ್ರಿ?"

"ಮನ್ಯಾಗ."

"ತುಂಗಕುಂಟದಾಗ ಒಂದು ಹುಡುಗಿಗೆ ಬೈದೀರಂತ, ಚಾಕಲೇಟ್ ಚೀಟಿ ಒಗದಿದ್ದಕ್ಕ."

ಪ್ರಿಯಂವದಾ ಅಲ್ಲಿಗೇ ಬಿಡಲಿಲ್ಲ.

"ಹುದುಲಿನ ದಾರಿಗುಂಟ ಒಂದು ಚೀಟಿ ಬಿಟ್ಟಿಲ್ಲ ನೀವು. ಬಾಟಲಿ ಹುಸೇನಮ್ಮಗ ಕೊಟ್ಟೀರಿ. ಇನ್ನ ಮುಚ್ಚಿಡೂದೇನೈತಿ, ಬಾಯಾರ?"

ಗೋದಾಬಾಯಿ ಬಾಗಿಲಿನಿಂದ ಇವರ ಕಡೆ ತಿರುಗಿದರು. ಆಮೇಲೆ ಮಾತು ಕಟ್ಟೆಯೊಡೆದು ಬಂತು.

"ಕೊಲ್ಲೂ ಮನಸ್ಸು ಇರಲಿಲ್ರಿ ನನಗ! ದೇವರಾಣಿ. ಮಾತಾಡ್ಕೊಂತ ಅರಿವಿ ನೋಡಿ ನಡದು ಆಕಿ ಮೊಣಕಾಲು ತನ ರಾಡಿಗೆ ಇಳೀಲಿ, ನಾಲ್ಕು ಮಂದಿ ನಗಲಿ, ಅಷ್ಟ. ಇವರ ಮುಂದ ಆಕಿ ಮಾರಿ ಸಣ್ಣದಾಗಲಿ ಅಂತ. ಇಷ್ಟು ವರ್ಷ ನಾ ಕರದ್ರ ಇವರಿಗೆ ಮೊಣಕಾಲು ನೋವು. ಆಕಿ ಒಮ್ಮೆ, ಒಂದ ಒಂದು ಸಲ, ಬರ್ರಿ ಅಂಕಲ್ ಅಂದ್ಲು. ಮರುದಿನ ಅಬಿಡ್ಸ್ ಪ್ಯಾಟಿಗೆ ಹೋಗಿ ಬೂಟು ತಂದ್ರು! ರಾತ್ರಿ ಹಾಸಿಗಿ ಮ್ಯಾಲ ಕುಂತು ಹಾಕ್ಕೊಂಡು ನೋಡಾಕತ್ತಿದ್ರು. ನನ್ನ ಹೊಟ್ಟಿ ಹೆಂಗ ಉರೀತು, ನಿಮಗೇನು ಗೊತ್ತು."

ಗೊತ್ತು ಎಂದು ಪ್ರಿಯಂವದಾ ಬಾಯಿ ಬಿಟ್ಟು ಹೇಳಲಿಲ್ಲ.

"ಗುರುತು ಕಟ್ಟಿದಾಕಿ ತಾನ ಮುಂದ ನಡೀಬೇಕ್ರಿ. ಯಾವತ್ತೂ ಹಂಗ. ನಾ ಹಂಗ ನಡಸೀನಿ. ಇವರು ನಿಧಾನದ ಮನುಷ್ಯಾ, ಕಟ್ಟಕಡೀಗೆ ಇರ್ತಾರ ಅಂತ ತಿಳಿದಿದ್ದೆ. ಆಕಿ ಇವರನ್ನ ಯಾಕ ಮುಂದ ಬಿಟ್ಲು? ಹೇಳ್ರಿ, ಯಾಕ ಬಿಟ್ಲು?"

ಲಹರಿಯ ಜೊತೆ ಗೋದಾಬಾಯಿ ಒಂದು ಸಲ ನಡೆದಿದ್ದರೂ ಹೊಸಬರನ್ನು ಮುಂದೆ ಬಿಡುವ ರೂಢಿ ಗೊತ್ತಿರುತ್ತಿತ್ತು. ಹಟಕ್ಕೆ ಬಿದ್ದು ಒಮ್ಮೆಯೂ ಹೋಗಿರಲಿಲ್ಲ.

ಸೂರ್ಯ ಮುಳುಗಿದ್ದರಿಂದ ಅವತ್ತು ಹೆಂಗಸನ್ನು ಬಂಧಿಸುವಂತಿರಲಿಲ್ಲ. ಕಾನ್‌ಸ್ಟೇಬಲ್ ಗಂಗಾಳನ್ನು ಅಲ್ಲೇ ಕಾವಲಿಗೆ ಬಿಟ್ಟು ಪ್ರಿಯಂವದಾ ಠಾಣೆಗೆ ಮರಳಿದರು. ಲಹರಿಯ ಹೆಸರು ಆರೋಪಿಯ ಜಾಗದಿಂದ ಹೋಯಿತು, ದೂರುದಾರರ ಹೆಸರು ಅಲ್ಲಿಗೆ ಬಂತು. ರಿಮಾಂಡ್ ವರದಿಯಲ್ಲಿ ಕೃತ್ಯದ ಕಾರಣ ಎಂದಿದ್ದ ಕಡೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಸ್ತಿಯಿಲ್ಲ, ಹಳೆಯ ಜಗಳವಿಲ್ಲ. ತನ್ನದೆಂದುಕೊಂಡಿದ್ದು ಇನ್ನೊಬ್ಬಳ ಕೈಯಲ್ಲಿ ನಗುತ್ತಿರುವುದನ್ನು ನೋಡಲಾಗದ ಸಂಕಟ, ಅಷ್ಟೇ. ಕಾಗದದ ಮೇಲೆ 'ಮತ್ಸರ' ಎಂದು ಬರೆದು ಸಹಿ ಹಾಕಿದರು.

ಸೋಮವಾರ ಬೆಳಿಗ್ಗೆ ಮಲ್ಲಿಕಾರ್ಜುನರ ಟ್ಯೂಬು ತೆಗೆದಿದ್ದರು. ಜೀವಕ್ಕೆ ಭಯವಿಲ್ಲ, ಎರಡು ಮಾತು ಆಡಿಸಬಹುದು ಎಂದರು ಡಾಕ್ಟರು. ದನಿ ಗೊರಗೊರ ಎನ್ನುತ್ತಿತ್ತು.

"ಮೊಣಕಾಲು ನೋವು ಇದ್ದವರು ನಿನ್ನಿ ಹೆಂಗ ಹೊಂಟ್ರಿ?" ಪ್ರಿಯಂವದಾ ಕೇಳಿದರು.

ಮುದುಕರು ನಾಚಿಕೊಂಡರು. "ನೋವು ನೆವ ರಿ. ಮೊದಮೊದಲಿಗೆ ಗೋದಾನ ಕೂಡ ಒಮ್ಮೆ ಹೋಗಿದ್ದೆ. ಆಕಿ ಮುಂದ, ನಾ ಹಿಂದ. ಸಂಜೀ ತನ ಆಕಿ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಮತ್ತ ಹೋಗಲಿಲ್ಲ. ಈ ಹುಡುಗಿ, ಅಂಕಲ್ ನೀವು ಮುಂದ ನಡೀರಿ ಅಂದ್ಲು." ಉಸಿರು ತಗೊಂಡರು. "ಗೋದಾ ಎಲ್ಲಿ? ಊಟ ಮಾಡ್ಯಾಳೇನು?"

ಪ್ರಿಯಂವದಾ ಹೊರಗೆ ಬಂದರು. ಗೋದಾಬಾಯಿ ಎದ್ದು ನಿಂತಿದ್ದರು.

"ಎಚ್ಚರಾಗ್ಯಾರ. ಪಾರಾದ್ರು."

ಗೋದಾಬಾಯಿ ಗೋಡೆ ಹಿಡಿದುಕೊಂಡು ಅತ್ತರು. ಅಳು ನಿಂತ ಮೇಲೆ ಕೇಳಿದರು, "ಏನಂದ್ರು?"

ಹೇಳದೆ ಹೋಗಬಹುದಿತ್ತು. ಪ್ರಿಯಂವದಾ ಒಂದು ಮಾತೂ ಕೂಡಿಸದೆ, ಕಳೆಯದೆ ಹೇಳಿದರು. ಬೆನ್ನಿನ ಮಾತು ಬಂದಾಗ ಗೋದಾಬಾಯಿ ಕಣ್ಣು ಮುಚ್ಚಿದರು.

ಬಂಧನದ ಕಾಗದಕ್ಕೆ ಸಹಿಯಾಯಿತು. ಸಣ್ಣ ಮೆಟ್ಟಿಲು, ಇಬ್ಬರು ಜೊತೆಯಾಗಿ ಇಳಿಯಲು ಜಾಗವಿಲ್ಲ. ಗೋದಾಬಾಯಿ ಮೊದಲ ಮೆಟ್ಟಿಲಲ್ಲಿ ನಿಂತು, ಗೋಡೆಗೆ ಸರಿದು, ಗಂಗಾಳಿಗೆ ದಾರಿ ಬಿಟ್ಟರು.

"ನೀ ಮುಂದ ನಡಿಯವ್ವಾ."

"ಹಂಗ ಆಗಂಗಿಲ್ರಿ ಬಾಯಾರ," ಎಂದಳು ಗಂಗಾ ಮೆತ್ತಗೆ. "ಹಿಡದವರನ್ನ ಮುಂದ ಬಿಟ್ಟು, ನಾವು ಹಿಂದ ಬರಬೇಕು."

ಗೋದಾಬಾಯಿ ಒಮ್ಮೆ ಐಸಿಯು ಕಡೆ ತಿರುಗಿ ನೋಡಿ, ಮೆಟ್ಟಿಲು ಇಳಿದರು.