ಎಂಬತ್ತನಾಲ್ಕು ಕಿಲೋ

"ಬೇಗ ಗುಣಮುಖರಾಗಿ" ಎಂಬ ಒಂದು ಹಾರೈಕೆಯಿಂದ ನಮ್ಮ ಮನೆಗೆ ಬೆಂಕಿ ಬಿತ್ತು.

ಗುರುವಾರ ಬೆಳಗ್ಗೆ ಒಂಬತ್ತು ಗಂಟೆ. ಇವರು — ನನ್ನ ಗಂಡ, ಮೂವತ್ತು ವರ್ಷ ಊರವರ ಹಲ್ಲು ಕಿತ್ತ ಡಾಕ್ಟರು — ಕಂಪ್ಯೂಟರ್ ಮುಂದೆ ಕಲ್ಲಿನ ಹಾಗೆ ಕೂತಿದ್ದರು. ಹಿಂದಿನಿಂದ ಬಗ್ಗಿ ಓದಿದೆ. ದೂರದ ಉತ್ತರದ ನದಿದಂಡೆಯಲ್ಲಿ ಮೀನು ಹಿಡಿಯಲು ಬರುವವರಿಗೆ ಬಂಗಲೆ ನಡೆಸುವವರು ಬರೆದಿದ್ದರು: "ನಿಮ್ಮ ಕೋರಿಕೆಯಂತೆ ಆಗಸ್ಟ್ ಎರಡನೇ ವಾರದ ನಿಮ್ಮ ಎರಡೂ ಜಾಗಗಳನ್ನು ರದ್ದು ಮಾಡಿ ಬೇರೆಯವರಿಗೆ ಕೊಟ್ಟಿದ್ದೇವೆ. ಬೇಗ ಗುಣಮುಖರಾಗಿ."

"ಯಾರು ಕೋರಿದ್ದು?" ಅಂದೆ.

ಇವರು ಪರದೆಯತ್ತ ಬೆರಳು ತೋರಿಸಿದರು. ಕೋರಿಕೆಯೂ ಅದರ ಕೆಳಗೇ ಇತ್ತು. ಇವರದೇ ವಿಳಾಸದಿಂದ ಹೋಗಿತ್ತು — ಭಾನುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. "ನನ್ನ ಕೈ ನಡುಕ ಹೆಚ್ಚಾಗಿದೆ. ನನ್ನ ಹೆಂಡತಿ ಒಪ್ಪುತ್ತಿಲ್ಲ. ದಯವಿಟ್ಟು ರದ್ದು ಮಾಡಿ."

ಹೆಂಡತಿ! ಅಂದರೆ ನಾನು.

"ನನಗೇ ಹೇಳಬಹುದಿತ್ತು ನೀನು," ಅಂದರು ಇವರು. ಅಷ್ಟೇ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಹನ್ನೊಂದು ವರ್ಷದ ಕನಸು ಅದು. ನನ್ನ ತಮ್ಮ ಮತ್ತು ಇವರು, ಭಾವ-ಭಾವಮೈದ ಇಬ್ಬರೂ, ಪ್ರತಿ ಭಾನುವಾರ ಊಟದ ಮೇಜಿನ ಮೇಲೆ ಆ ನದಿಯ ನಕ್ಷೆ ಹರಡಿಕೊಂಡು ಕೂರುತ್ತಿದ್ದರು. ಯಾವ ತಿರುವಿನಲ್ಲಿ ಸಾಲ್ಮನ್ ಮೀನು ನಿಲ್ಲುತ್ತದೆ, ಯಾವ ಬಂಡೆಯ ಮೇಲಿಂದ ಗಾಳ ಎಸೆಯಬೇಕು — ಎಲ್ಲ ಬಾಯಿಪಾಠ. ಮರಗಳೂ ಮೊಣಕಾಲೆತ್ತರ ಬೆಳೆಯದ ಬಯಲಂತೆ ಅದು. ರಸ್ತೆ ಇಲ್ಲ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವೇ ಗತಿ. ಇಷ್ಟಾದರೂ ಬಂಗಲೆಯ ನೆಲ ಬೆಚ್ಚಗಿರುತ್ತದಂತೆ, ಊಟ ಬಡಿಸಲು ಆಳಿಗೊಬ್ಬ ಆಳಂತೆ! ವಾರಕ್ಕೆ ಆರೇ ಜನಕ್ಕೆ ಜಾಗ. ನಮ್ಮವರ ಸರದಿ ಬರಲು ನಾಲ್ಕು ವರ್ಷ ಹಿಡಿದಿತ್ತು.

ಅಷ್ಟರಲ್ಲಿ ಇವರ ಬಲಗೈ ನಡುಗತೊಡಗಿತು. ಕ್ಲಿನಿಕ್ ಮುಚ್ಚಿದರು. ನರರೋಗದ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು, "ಈ ವರ್ಷ ಹೋಗಿಬನ್ನಿ. ಮುಂದಿನ ವರ್ಷ ಈ ಕೈಲಿ ಗಾಳದ ಕೋಲು ಹಿಡಿಯೋಕೆ ಆಗಲ್ಲ."

ನಾನು ಗೊಣಗಿದ್ದು ನಿಜ. ಆ ಕೈ ಇಟ್ಟುಕೊಂಡು ಮಂಜಿನಂಥ ನೀರಲ್ಲಿ ನಿಂತರೆ ಗತಿ ಏನು ಅಂತ ಕಂಡವರ ಮುಂದೆಲ್ಲ ಹೇಳಿದ್ದೆ. ಆದರೆ ಗೊಣಗುವುದು ಬೇರೆ, ಕತ್ತು ಕೊಯ್ಯುವುದು ಬೇರೆ.

ಸಂಜೆ ತಮ್ಮ ಓಡಿಬಂದ. ಅಮ್ಮ ಹೋದಾಗ ಅವನಿಗೆ ಏಳು ವರ್ಷ, ನಾನೇ ಸಾಕಿದ್ದು. ಈಗ ಕಟ್ಟಡಗಳಿಗೆ ಲಿಫ್ಟ್ ಕೂರಿಸುವ ಕೆಲಸ. ಪತ್ರ ಓದಿ, ತಲೆ ಹಿಡಿದುಕೊಂಡು ಕೂತ.

"ಅಕ್ಕ, ನಿನಗೆ ಭಯ ಇತ್ತು, ಒಪ್ಕೋತೀನಿ. ಆದ್ರೂ ಹೀಗೆ ಮಾಡಬಾರದಿತ್ತು."

"ನಾನು ಮಾಡಿಲ್ಲ ಕಣೋ!"

"ಸರಿ ಬಿಡು. ಆಗಿದ್ದು ಆಗಿಹೋಯ್ತು," ಅಂದ, ದೊಡ್ಡ ಮನಸ್ಸು ಮಾಡಿದವನಂತೆ.

ಎರಡು ದಿನ ಇವರು ನನ್ನ ಜೊತೆ ಮಾತಾಡಲಿಲ್ಲ. ಕಾಫಿ ಇಟ್ಟರೆ ಕುಡಿಯುತ್ತಿದ್ದರು, ಲೋಟ ತಾವೇ ತೊಳೆದಿಡುತ್ತಿದ್ದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಲೋಟ ತೊಳೆದದ್ದು ಅದೇ ಮೊದಲು. ನಾದಿನಿಗೆ ಫೋನ್ ಮಾಡಿದೆ.

ನಾದಿನಿಗೂ ನನಗೂ ಎಣ್ಣೆ-ಸೀಗೇಕಾಯಿ. ಆದರೆ ವಿಮಾ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಜನರ ಸುಳ್ಳು ಹೆಕ್ಕಿದವಳು ಅವಳು. ಶನಿವಾರ ಬೆಳಗ್ಗೆ ಬಂದವಳೇ ಕನ್ನಡಕ ಏರಿಸಿ ಪತ್ರ ಓದಿದಳು.

"ಭಾನುವಾರ ಮನೇಲಿ ಯಾರ್‍ಯಾರಿದ್ರಿ ಅತ್ತಿಗೆ?"

"ನಿಮ್ಮಣ್ಣ, ನಾನು, ನನ್ನ ತಮ್ಮ. ಮತ್ತೆ ಪ್ರವಾಸದ ಮೇಡಂ — ಈ ಪ್ರಯಾಣದ ಏರ್ಪಾಡೆಲ್ಲ ಅವರದೇ. ಫಾರಂ ತುಂಬಿಸಿಕೊಂಡು ಹೋಗೋಕೆ ಬಂದಿದ್ರು."

"ಮೂರು ನಲವತ್ತಕ್ಕೆ?"

"ನಿಮ್ಮಣ್ಣ ಊಟ ಆಗಿ ಮಲಗಿದ್ರು. ನಾನು ಅಡುಗೆಮನೇಲಿ ಪಾತ್ರೆ ತಿಕ್ತಿದ್ದೆ. ಅವರಿಬ್ಬರೂ ಇಲ್ಲೇ ಹಾಲಲ್ಲಿದ್ರು. ಮೇಡಂ ನಡುನಡುವೆ ಫೋನ್ ಬಂದಾಗ ಹೊರಗೆ ಹೋಗ್ತಿದ್ರು."

"ಕಂಪ್ಯೂಟರ್ ಪಾಸ್‌ವರ್ಡ್?"

ನಾನು ಪರದೆಯ ಅಂಚಿಗೆ ಅಂಟಿಸಿದ ಚೀಟಿ ತೋರಿಸಿದೆ. ಇವರಿಗೆ ಮರೆವು, ಅದಕ್ಕೆ ದೊಡ್ಡಕ್ಷರದಲ್ಲಿ ಬರೆದಿಟ್ಟಿದ್ದೆ.

"ಚೆನ್ನಾಗಿದೆ! ಕಳ್ಳನಿಗೆ ಕಷ್ಟ ಆಗಬಾರದು ನೋಡಿ," ಅಂದಳು ನಾದಿನಿ. "ಆ ಫಾರಂ ಇದೆಯಾ?"

ನಕಲು ಮೇಜಿನ ಮೇಲೇ ಇತ್ತು. ವಯಸ್ಸು, ಎತ್ತರ, ಬೂಟಿನ ಅಳತೆ, ತೂಕ. ತೂಕದ ಜಾಗದಲ್ಲಿ ಇವರು ಎಪ್ಪತ್ತು ಅಂತ ಬರೆದಿದ್ದರು. ಎಪ್ಪತ್ತಂತೆ! ಯಾವ ಜನ್ಮದಲ್ಲಿ? ನಾನು ಅವತ್ತೇ ನಕ್ಕಿದ್ದೆ. ತಮ್ಮ ಮಾತ್ರ ಯೋಚನೆಯನ್ನೂ ಮಾಡದೆ ಎಂಬತ್ತನಾಲ್ಕು ಅಂತ ಬರೆದಿದ್ದ.

ನಾದಿನಿ ಆ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

"ಅಣ್ಣನ್ನ ಕರೀರಿ. ನಿಮ್ಮ ತಮ್ಮನಿಗೂ ಬರೋಕೆ ಹೇಳಿ. ಮತ್ತೆ ಬಚ್ಚಲಿಂದ ಆ ತೂಕದ ಯಂತ್ರ ತನ್ನಿ."

"ತೂಕದ ಯಂತ್ರ ಯಾಕೆ?"

"ತನ್ನಿ ಅಂದ್ರೆ ತನ್ನಿ ಅತ್ತಿಗೆ. ಪ್ರಶ್ನೆ ಕೇಳೋ ಕೆಲಸ ನನ್ನದು."

ಹನ್ನೊಂದರ ಹೊತ್ತಿಗೆ ಎಲ್ಲರೂ ಹಾಲಿನಲ್ಲಿ ಸೇರಿದೆವು. ಇವರು ನನ್ನ ಕಡೆ ನೋಡದೆ ಕಿಟಕಿ ಪಕ್ಕ ಕೂತರು. ನಾದಿನಿ ಯಂತ್ರವನ್ನು ನಡುವೆ ಇಟ್ಟಳು.

"ಅಣ್ಣ, ಹತ್ತು."

"ಏನಿದು ತಮಾಷೆ?"

"ಹತ್ತೋ ಅಂದೆ."

ಎಪ್ಪತ್ತಾರು.

"ಆರು ಕಿಲೋ ನುಂಗಿದ್ದೀಯ. ಸರಿಯಾಗೇ ಇದೆ," ಅಂದಳು. "ವಯಸ್ಸು, ತೂಕ, ಸಿಗರೇಟು — ಇವನ್ನ ಜನ ಯಾವಾಗಲೂ ಕಮ್ಮಿ ಮಾಡೇ ಬರೀತಾರೆ. ಈಗ ನೀನು ಹತ್ತಪ್ಪ."

ತಮ್ಮ ನಗುತ್ತಾ ಹತ್ತಿದ. ಎಪ್ಪತ್ತೆಂಟು.

"ಒಂದು ವಾರದಲ್ಲಿ ಆರು ಕಿಲೋ ಇಳಿದ್ಯಾ?"

"ಸುಮ್ಮನೆ ಅಂದಾಜಿಗೆ ಬರೆದೆ. ನಾನು ಲಿಫ್ಟಿನವನು ಅಲ್ವಾ, ಭಾರ ಯಾವಾಗಲೂ ಸ್ವಲ್ಪ ಜಾಸ್ತಿನೇ ಲೆಕ್ಕ ಹಾಕೋದು."

ಒಳ್ಳೆಯ ಉತ್ತರ. ನಾನೂ ತಲೆಯಾಡಿಸಿದೆ. ನಾದಿನಿ ಫೋನ್ ಎತ್ತಿ ಪ್ರವಾಸದ ಮೇಡಂಗೆ ಕರೆ ಮಾಡಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟಳು.

"ಮೇಡಂ, ಆ ಪುಟ್ಟ ವಿಮಾನಕ್ಕೆ ತೂಕ ಯಾಕೆ ಕೇಳ್ತಾರೆ?"

"ಭಾರ ಜಾಸ್ತಿ ಆದ್ರೆ ಏಳಲ್ಲ ಅಲ್ವಾ? ಹತ್ತೋ ಮುಂಚೆ ನೀರಂಚಿನ ಕಟ್ಟೆ ಮೇಲೆ ಒಬ್ಬೊಬ್ಬರನ್ನೂ ತೂಗ್ತಾರೆ. ನೀರಲ್ಲಿ ನಿಲ್ಲೋಕೆ ಹಾಕೋ ಎದೆಮಟ್ಟದ ರಬ್ಬರ್ ಉಡುಪು, ಬೂಟು, ಕೋಟು ಎಲ್ಲಾ ಹಾಕಿಸಿ."

"ಎಷ್ಟು ಬರತ್ತೆ ಅದೆಲ್ಲ?"

"ಐದಾರು ಕಿಲೋ."

"ಇದನ್ನ ಹೋಗೋರಿಗೆ ಮೊದಲೇ ಹೇಳ್ತೀರಾ?"

"ಅಯ್ಯೋ, ಬಿಡ್ತು ಅನ್ನಿ! ಎಲ್ಲರೆದುರು ತೂಗ್ತಾರೆ ಅಂದ್ರೆ ಅರ್ಧ ಜನ ಹೊರಡೋದೇ ಇಲ್ಲ. ಹೇಗೂ ಸುಳ್ಳು ಬರೀತಾರೆ, ನಾವೇ ಹತ್ತು ಕಿಲೋ ಸೇರಿಸಿ ಕಳಿಸ್ತೀವಿ. ಅಲ್ಲಿಗೆ ಹೋದವರಿಗಷ್ಟೇ ಗೊತ್ತಾಗೋದು."

ನಾದಿನಿ ಫೋನ್ ಇಟ್ಟಳು. ತಮ್ಮ ಇನ್ನೂ ಯಂತ್ರದ ಮೇಲೇ ನಿಂತಿದ್ದ.

"ಅಲ್ಲಿಗೆ ಹೋದವರಿಗಷ್ಟೇ," ಅಂದಳು ನಾದಿನಿ. "ಎಪ್ಪತ್ತೆಂಟಕ್ಕೆ ಆರು ಸೇರಿಸು. ನಿಮ್ಮೆಲ್ಲರ ಕಣ್ಣು ಅಣ್ಣನ ಸುಳ್ಳಿನ ಮೇಲೆ ಇತ್ತು ಅತ್ತಿಗೆ. ನಾನು ನೋಡಿದ್ದು ಇವನ ನಿಜಾನ. ಉಡುಪು, ಬೂಟು ಸಮೇತ ತೂಕ ಬರೆಯೋ ಗಿರಾಕಿ ಆ ಕಟ್ಟೆ ಮೇಲೆ ಒಂದ್ಸಲ ನಿಂತಿರಲೇಬೇಕು. ಯಾವಾಗಪ್ಪ ಹೋಗಿದ್ದೆ?"

"ಏನ್ ಮಾತಾಡ್ತಿದೀರಾ? ನಾನ್ಯಾಕೆ ಹೋಗ್ಲಿ—"

"ಹೋದ ವರ್ಷ ಆಗಸ್ಟಲ್ಲಿ ಹನ್ನೆರಡು ದಿನ ಕಂಪನಿ ತರಬೇತಿ ಅಂತ ಊರು ಬಿಟ್ಟಿದ್ದೆ ಅಲ್ವಾ?"

"ತರಬೇತಿಗೇ ಹೋಗಿದ್ದು!"

"ಹಾಗಾದ್ರೆ ಬಂಗಲೆಗೆ ಫೋನ್ ಹಚ್ತೀನಿ. ನಿನ್ನ ಹೆಸರು ಅವರ ಪುಸ್ತಕದಲ್ಲಿದೆಯಾ ಕೇಳಿಬಿಡ್ತೀನಿ." ಅವಳ ಬೆರಳು ಫೋನಿನ ಮೇಲೆ ಹೋಯಿತು.

"ಬೇಡ," ಅಂದ ತಮ್ಮ.

ಯಂತ್ರದಿಂದ ಇಳಿದು ನೆಲದ ಮೇಲೇ ಕೂತುಬಿಟ್ಟ. ಅವನು ಲಿಫ್ಟ್ ಕೂರಿಸಿಕೊಟ್ಟ ಒಬ್ಬ ಬಿಲ್ಡರ್ ಕರೆದನಂತೆ. ಒಂದು ಜಾಗ ಖಾಲಿ ಇತ್ತಂತೆ, ಏರ್ಪಾಡೆಲ್ಲ ಆ ಬಿಲ್ಡರನದೇ ಅಂತೆ, ನಮ್ಮ ಮೇಡಂ ಮೂಲಕ ಅಲ್ಲವಂತೆ. ಎರಡೇ ದಿನದಲ್ಲಿ ಹೊರಡಬೇಕಿತ್ತಂತೆ. ತೂಕ ಕಮ್ಮಿ ಬರೆದಿದ್ದಕ್ಕೆ ಕಟ್ಟೆಯ ಮೇಲೆ ಎಲ್ಲರೆದುರು ಇವನ ಚೀಲ ಇಳಿಸಿದರಂತೆ. ಆ ಅವಮಾನ ಮರೆತಿರಲಿಲ್ಲ, ಕೈ ತಾನಾಗಿ ಎಂಬತ್ತನಾಲ್ಕು ಬರೆದುಬಿಟ್ಟಿತು.

"ಪ್ರತಿ ಭಾನುವಾರ ಹೇಳ್ಬೇಕು ಅಂತಲೇ ಬರ್ತಿದ್ದೆ ಭಾವ. ನೀವು ನಕ್ಷೆ ಬಿಚ್ತಿದ್ರಿ. ಬಾಯೇ ಬರ್ತಿರ್ಲಿಲ್ಲ. ಅಲ್ಲಿ ಮೀನು ಹಿಡಿದವರ ಫೋಟೋ ಗೋಡೆಗೆ ಹಾಕ್ತಾರೆ. ನಂದೂ ಇದೆ. ನಿಮ್ಮ ಜೊತೆ ಒಳಗೆ ಕಾಲಿಟ್ಟರೆ..."

"ಅದಕ್ಕೆ ಅವರು ಹೋಗದೇ ಇರೋ ಹಾಗೆ ಮಾಡಿದೆ," ಅಂದೆ ನಾನು.

ಇವರು ಅವನ ಕಡೆ ತಿರುಗಿದರು.

"ಮೀನು ಸಿಕ್ತಾ?"

"ಒಂದು, ಭಾವ."

"ಎಲ್ಲಿ?"

"ಮೂರನೇ ತಿರುವಲ್ಲಿ. ನೀವು ಹೇಳಿದ್ದ ಬಂಡೆ ಮೇಲಿಂದಾನೇ."

ಇವರು ತಲೆಯಾಡಿಸಿದರು. ಬಲಗೈ ನಡುಗುತ್ತಿತ್ತು, ಎಡಗೈಯಿಂದ ಅದನ್ನು ಒತ್ತಿಹಿಡಿದರು.

"ಹೋಗಿದ್ದಕ್ಕೆ ಬೇಜಾರಿಲ್ಲ ಕಣೋ. ಅವಕಾಶ ಸಿಕ್ತು, ಹೋದೆ. ನಾನಾಗಿದ್ರೂ ಹೋಗ್ತಿದ್ದೆನೋ ಏನೋ. ಆದ್ರೆ ಆಮೇಲೆ ಒಂದು ವರ್ಷ ಇದೇ ಮೇಜಿನ ಮುಂದೆ ಕೂತು, ‘ಆ ನೀರು ಯಾವ ಬಣ್ಣ ಇರಬಹುದು ಭಾವ?’ ಅಂತ ನನ್ನನ್ನ ಕೇಳಿದ್ಯಲ್ಲ. ನಾನು ಪೆದ್ದನ ಹಾಗೆ ಹಸಿರು ಅಂದೆ. ನೀನು ಹೌದಾ ಅಂದೆ."

ತಮ್ಮ ಅಳತೊಡಗಿದ. ಯಾರೂ ಸಮಾಧಾನ ಮಾಡಲಿಲ್ಲ. ನಾದಿನಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಗೋಡೆ ನೋಡುತ್ತಿದ್ದಳು.

ನನಗೆ ಮಾತ್ರ ಇನ್ನೊಂದು ಲೆಕ್ಕ ಬಾಕಿ ಇತ್ತು.

"ನನ್ನ ಹೆಸರು ಯಾಕೋ ಹಾಕಿದೆ? ಕೈ ನಡುಕ ಅಂತಷ್ಟೇ ಬರೆದಿದ್ರೆ ಸಾಕಿತ್ತು. ‘ಹೆಂಡತಿ ಒಪ್ಪುತ್ತಿಲ್ಲ’ ಅಂತ ಯಾಕೆ ಬರೆದೆ?"

ಅವನು ತಲೆ ಎತ್ತಿದ. ಏಳು ವರ್ಷದವನಿದ್ದಾಗ ಗಾಜು ಒಡೆದು ನನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ ಅದೇ ಮುಖ.

"ಗೊತ್ತಾದ್ರೆ ಭಾವ ನನ್ನನ್ನ ಬಿಟ್ಟುಬಿಡ್ತಾರೆ ಅಂತ ಹೆದರಿಕೆ ಇತ್ತು ಅಕ್ಕ. ನೀನಾದ್ರೆ ತಡ್ಕೋತೀಯ. ಏನೇ ಮಾಡಿದ್ರೂ ನೀನು ನನ್ನನ್ನ ಬಿಡಲ್ಲ, ಅದು ಗೊತ್ತಿತ್ತು."

ಎರಡು ದಿನ ನಾನು ನನ್ನ ಮನೆಯಲ್ಲೇ ಕಳ್ಳಿಯ ಹಾಗೆ ಓಡಾಡಿದ್ದೆ. ಇವನು ಬಂದು "ಸರಿ ಬಿಡು" ಅಂದಿದ್ದ. ಸಾಕಿದ ಕೈಗೇ ಮಸಿ ಬಳಿದು, ಮೇಲೆ ಕ್ಷಮಿಸಿಬಿಟ್ಟಿದ್ದ ನನ್ನನ್ನು!

"ಎದ್ದೇಳು," ಅಂದೆ.

"ಅಕ್ಕ..."

"ಎದ್ದೇಳೋ. ಮನೆಗೆ ಹೋಗು."

"ಮುಂದಿನ ಭಾನುವಾರ..."

"ಬರಬೇಡ."

ಅವನು ಹೋದ ಮೇಲೆ ಬಾಗಿಲು ಹಾಕಿದ್ದು ನಾನೇ. ತಿರುಗಿದರೆ ಇವರು ಎದ್ದು ನಿಂತಿದ್ದರು, ಏನೋ ಹೇಳಲು ಬಾಯಿ ತೆರೆದಿದ್ದರು. ಇವರ ಮೇಲೂ ನನಗೆ ಕೋಪವಿತ್ತು. ಇಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ, ಪರದೆಯ ಮೇಲಿನ ಒಂದು ಸಾಲು ಓದಿ ನನ್ನನ್ನು ಕಳ್ಳಿ ಅಂದುಕೊಂಡಿದ್ದರಲ್ಲ.

"ಈಗ ಬೇಡ," ಅಂದೆ. "ಇವತ್ತು ನಾನು ಯಾರನ್ನೂ ಕ್ಷಮಿಸೋ ಸ್ಥಿತೀಲಿಲ್ಲ."

ಇವರು ಊಟದ ಮೇಜಿನ ಮುಂದೆ ಕೂತರು. ನಾನೂ ಎದುರಿನ ಕುರ್ಚಿಯಲ್ಲಿ, ನನ್ನ ತಮ್ಮ ಹನ್ನೊಂದು ವರ್ಷ ಕೂತಿದ್ದ ಕುರ್ಚಿಯಲ್ಲಿ ಕೂತು, ಅವನಿಗಾಗಿ ಜೋರಾಗಿ ಅತ್ತೆ.