ಕಾವೇರಿಬಾಯಿಯ ಶ್ರುತಿ

ರಾತ್ರಿಯ ಮೂರನೇ ಜಾವದಲ್ಲಿ ಹಿತ್ತಲ ಗೋಡೆಯ ಆಚೆಯಿಂದ ಸಣ್ಣಗೆ ಒಂದು ಸದ್ದು ಬಂತು. ಕೊಡದೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ, ಎಳೆದು, ನಿಂತು, ಮತ್ತೆ ಎಳೆದು. ಅಹಲ್ಯಾ ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದಳು. ಕಳ್ಳನೋ ಹಾವೋ ಎಂದು ಮೊದಲು ಕೆಟ್ಟದ್ದನ್ನೇ ಯೋಚಿಸುವುದು ಅವಳ ಸ್ವಭಾವ.

"ಬಾಜೂ ಮನಿ ಎಮ್ಮಿ ಈಯ್ಲಿಕತ್ತದ, ಮಲಕೋ," ಎಂದು ಅಜ್ಜಿ ಕಾವೇರಿಬಾಯಿ ಮಗ್ಗುಲು ಬದಲಿಸಿದರು.

ಮಾನ್ವಿಯ ಆ ಎರಡು ಮನೆಗಳಿಗೆ ಬಾವಿ ಒಂದೇ. ನಡುಗೋಡೆಯ ಆಚೆ ಒಂದು ರಾಟೆ, ಈಚೆ ಒಂದು. ಬೆಳಿಗ್ಗೆ ಆಚೆ ಹಗ್ಗ ಹಿಡಿದು ನಿಂತಿದ್ದವನು ಹೊಸದಾಗಿ ಬಾಡಿಗೆಗೆ ಬಂದ ವಾದಿರಾಜ. ರಾಯಚೂರಿನವನು, ಇಲ್ಲಿಯ ಕಚೇರಿಯಲ್ಲಿ ಕಾರಕೂನ.

"ನಿಮ್ಮ ಎಮ್ಮಿ ಈಯ್ತೇನ್ರೀ?" ಎಂದಳು ಅಹಲ್ಯಾ.

"ಯಾವ ಎಮ್ಮಿ?"

"ರಾತ್ರಿ ನರಳ್ತಿತ್ತಲ್ಲ."

ಅವನ ಕಿವಿಯ ತುದಿ ಕೆಂಪಾಯಿತು. "ಅದು ನಾನ್ರೀ. ಖರ್ಜ ಸಾಧನಾ ಮಾಡ್ಲಿಕತ್ತಿದ್ದೆ. ಎಲ್ಲಕ್ಕಿಂತ ಕೆಳಗಿನ ಷಡ್ಜ ಹಿಡದು ದನಿ ಪಳಗಸೋದು." ಹಗ್ಗ ಎಳೆಯುತ್ತ, "ಹಿಂದಿನ ಮನಿಯವ್ರು ಗೂಗಿ ಅಂದಿದ್ರು. ಎಮ್ಮಿ ಅಂದ್ರ ಬಡ್ತಿ ಸಿಕ್ಕಂಗಾತು."

ಅಹಲ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕೊಡ ಹಗ್ಗದ ಸಮೇತ ಬಾವಿಯ ತಳ ಸೇರಿತು.

ಅದನ್ನು ಗಾಳ ಹಾಕಿ ಎತ್ತಿಕೊಡುತ್ತ ಅವನೇ ಕೇಳಿದ: "ನಿನ್ನಿ ಸಂಜಿಗೆ ಹಾಡಿದವ್ರು ನೀವೇನು? ಮ್ಯಾಲಿನ ಷಡ್ಜಕ್ಕ ದನಿ ಒಡೀತು."

ಅವಳ ನಗು ನಿಂತಿತು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಒಂದು ದೇವರನಾಮ ಹಾಡಲೇಬೇಕು. ಆ ಮನೆಯ ಹೆಂಗಸರೆಲ್ಲ ಹಾಡುವುದು ಕಾವೇರಿಬಾಯಿಯ ಶ್ರುತಿಗೆ, ಹಾರ್ಮೋನಿಯಂ ಪೆಟ್ಟಿಗೆಯ ನಾಲ್ಕನೇ ಕಪ್ಪು ಮನೆಗೆ, ಅಂದರೆ ಕಪ್ಪು ನಾಲ್ಕಕ್ಕೆ. ಅಜ್ಜಿಯದು ಪೂಜೆಯ ಗಂಟೆಯಂಥ ಎತ್ತರದ ದನಿ. ತಾಯಿ, ಅತ್ತೆ ಎಲ್ಲರೂ ಹೇಗೋ ಅದಕ್ಕೆ ಏಗಿದ್ದರು. ಅಹಲ್ಯಾಳ ದನಿ ಮಾತ್ರ ತಗ್ಗಿನದು. ನಿನ್ನೆಯದೂ ಸೇರಿ ಎರಡು ಸಲ ಒಡೆದಿತ್ತು, ಎರಡು ಸಂಬಂಧ ತಿರುಗಿ ಹೋಗಿದ್ದವು. ಬರುವ ಗುರುವಾರ ದೇವದುರ್ಗದವರು ಬರುವವರಿದ್ದರು. ಹದಿನೆಂಟು ತುಂಬಿದ ಮೊಮ್ಮಗಳಿಗಾಗಿ ಅಜ್ಜಿ ದೇವರಿಗೆ ಹರಕೆ ಹೊತ್ತಿದ್ದರು.

"ದನಿ ಕೆಟ್ಟಿಲ್ರಿ," ಎಂದ ವಾದಿರಾಜ. "ಬ್ಯಾರೇದವರ ಚಪ್ಪಲಿ ಹಾಕ್ಕೊಂಡು ನನ್ನ ಕಾಲ ಸರಿ ಇಲ್ಲ ಅಂತೀರಿ."

ಅಂದಿನಿಂದ ಬೆಳಗಿನ ಹೊತ್ತು ಎರಡೂ ರಾಟೆಗಳು ನಿಧಾನವಾಗಿ ತಿರುಗತೊಡಗಿದವು. ಅಜ್ಜಿಗೆ ಕೇಳಿಸದಂತೆ ಅಡುಗೆಮನೆಯ ಕಿಟಕಿ ಮುಚ್ಚಿದೆಯೇ ಎಂದು ನೂರು ಸಲ ನೋಡಿಕೊಂಡು ಅಹಲ್ಯಾ ಹಾಡುತ್ತಿದ್ದಳು.

"ಭುಜ ಏರಸಬ್ಯಾಡ್ರಿ. ಉಸಿರು ಹೊಟ್ಟಿಗಿಳೀಲಿ. ಮ್ಯಾಲಿನ ಸ್ವರಕ್ಕ ಜಿಗೀಬ್ಯಾಡ್ರಿ, ಮೊದಲ ಮನಸ್ಸಿನ್ಯಾಗ ಕೇಳಿ ಆಮ್ಯಾಲ ಬಾಯಿ ತೆರೀರಿ."

ಶ್ರುತಿಯನ್ನು ಅವನು ಬಿಳಿ ಎರಡಕ್ಕೆ ಇಳಿಸಿದ. ಕೆಳಗಿಳಿದ ದನಿ ಅಗಲವಾಯಿತು. ಮೇಲಿನ ಷಡ್ಜ ಈಗ ಹತ್ತುವ ಗುಡ್ಡವಲ್ಲ, ತನ್ನದೇ ಮನೆಯ ಮಾಳಿಗೆ.

ಕೇಳುವಾಗ ಅವನು ಕಣ್ಣು ಮುಚ್ಚುತ್ತಿದ್ದ. ಆಗಷ್ಟೇ ಅವಳು ಅವನನ್ನು ನೋಡುತ್ತಿದ್ದಳು: ಹಣೆಯ ಮೇಲಿನ ಅಂಗಾರದ ಕಪ್ಪು ಗೆರೆ, ತಾಳ ಹಾಕುವ ಶಾಯಿ ಹತ್ತಿದ ಬೆರಳು. ಒಂದು ದಿನ ಒಂದೇ ಕಣ್ಣು ತೆರೆದ.

"ಯಾಕ ತೆರದ್ರಿ?"

"ಹಾಡು ನಿಂತು ಭಾಳ ಹೊತ್ತಾತಲ್ರೀ."

ದನಿ ತಿದ್ದಿದಷ್ಟೂ ಅಹಲ್ಯಾಳ ಎದೆ ಭಾರವಾಯಿತು. ಚೆನ್ನಾಗಿ ಹಾಡಿದರೆ ದೇವದುರ್ಗದವರು ಒಪ್ಪುತ್ತಾರೆ. ಒಪ್ಪಿದರೆ ಈ ಬಾವಿ ಇಲ್ಲ.

ಬುಧವಾರ ಅವನು, "ನಾಳೆ ದನಿ ಒಡೆಯಂಗಿಲ್ಲ ಬಿಡ್ರಿ," ಎಂದ. ಎಂದವನು ಗಟ್ಟಿಯಾಗಿಯೇ ಇದ್ದ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

ಪಕ್ಕದ ಮನೆಯವನಿಗೆ ಸಂಗೀತ ಬರುತ್ತದೆಂದು ಕೇಳಿ, ಗುರುವಾರ ಪೆಟ್ಟಿಗೆ ನುಡಿಸಲು ಅವಳ ತಂದೆ ಶೇಷಗಿರಿಯವರು ಅವನನ್ನೇ ಕರೆದರು. "ಕಪ್ಪು ನಾಲ್ಕು ಹಿಡೀರಿ," ಎಂದರು ಕಾವೇರಿಬಾಯಿ.

ಅವನು ಸುಮ್ಮನೆ ಹಿಡಿದಿದ್ದರೆ ಸಾಕಿತ್ತು. ದನಿ ತಾನೇ ಒಡೆಯುತ್ತಿತ್ತು, ಬಂದವರು ತಿರುಗಿ ಹೋಗುತ್ತಿದ್ದರು. ಅಹಲ್ಯಾ ನೆಲ ನೋಡುತ್ತ ಕಾದಳು.

"ಇವರ ದನಿಗೆ ಬಿಳಿ ಎರಡ ಹೊಂದ್ತದ, ಅಜ್ಜಿ," ಎಂದ ವಾದಿರಾಜ. ಆ ಮನೆಯಲ್ಲಿ ಆ ಮಾತು ಯಾರೂ ಆಡಿರಲಿಲ್ಲ.

ಅವನು ಹಿಡಿದ ಬಿಳಿ ಎರಡಕ್ಕೇ ಅವಳು ಹಾಡಿದಳು. ವರನ ತಾಯಿ ತಲೆದೂಗಿದರು. ವರ ಉಪ್ಪಿಟ್ಟು ಬಿಟ್ಟು ಮುಖ ಎತ್ತಿದ. ಕಡೆಯ ಸಾಲು ಬಂತು. ಅಹಲ್ಯಾ ಭುಜ ಏರಿಸದೆ ಹೊಟ್ಟೆ ತುಂಬ ಉಸಿರು ತೆಗೆದುಕೊಂಡಳು, ಮೇಲಿನ ಷಡ್ಜವನ್ನು ಮನಸ್ಸಿನಲ್ಲೇ ಕೇಳಿಕೊಂಡಳು, ಅಲ್ಲಿ ಕಾಲಿಟ್ಟಳು, ಬೇಕೆಂದೇ ದನಿಯನ್ನು ಒಡೆದುಬಿಟ್ಟಳು.

ವರ ಮತ್ತೆ ಉಪ್ಪಿಟ್ಟಿಗೆ ಇಳಿದ. "ಪತ್ರಾ ಬರೀತೀವಿ," ಎಂದರು ವರನ ತಾಯಿ, ಚಪ್ಪಲಿ ಮೆಟ್ಟುತ್ತ.

ಮರುದಿನ ಬಾವಿಯ ಹತ್ತಿರ ಅವನು ಮೆಲ್ಲಗೆ ಹೇಳಿದ: "ನಿನ್ನಿ ದನಿ ಒಡೀಲಿಲ್ಲ. ನೀವು ಒಡದ್ರಿ."

"ಹ್ಯಾಂಗ ಗೊತ್ತು?"

"ತಾನ ಒಡೆಯೋ ದನಿ ಉಸಿರು ತೀರಿ, ತಾಳ ತಪ್ಪಿ ಒಡೀತದ. ನಿಮ್ಮದು ತಾಳದ ಮೊದಲ ಹೊಡೆತಕ್ಕ, ಸಮಕ್ಕ ಸರಿಯಾಗಿ ಬಂದು ಒಡೀತು. ಇಷ್ಟು ತಯಾರೀಲೆ ತಪ್ಪು ಹಾಡಿದವರನ್ನ ನಾ ಕಂಡಿಲ್ಲ." ಅವನು ನಗಲಿಲ್ಲ. "ಯಾಕ, ಅಹಲ್ಯಾಬಾಯಿ?"

ಅವಳು ಮಾತನ್ನು ಅಳೆದು ತೂಗಿದಳು. "ದೇವದುರ್ಗ ದೂರ ಆಗ್ತದ್ರೀ. ಅಲ್ಲಿಗೆ ಖರ್ಜ ಕೇಳಂಗಿಲ್ಲ."

ಅವನ ಕೈಯ ಹಗ್ಗ ಜಾರಿ ರಾಟೆ ಗರಗರ ತಿರುಗಿತು. ಈ ಸಲ ತಳ ಸೇರಿದ್ದು ಅವನ ಕೊಡ.

"ಸಂಜಿಗೆ ನಿಮ್ಮ ತಂದಿಯವ್ರು ಮನ್ಯಾಗ ಇರ್ತಾರೇನು?"

"ದೀಪ ಹಚ್ಚೋ ಹೊತ್ತಿಗೆ ಇರ್ತಾರ."

ಅವನು ದೀಪ ಹಚ್ಚುವ ಮೊದಲೇ ಬಂದ. ಶೇಷಗಿರಿಯವರು ಪಂಚಾಂಗ ತೆಗೆದು ಗೋತ್ರ ಕೇಳಿದರು, ನಕ್ಷತ್ರ ಕೇಳಿದರು, ಕೊನೆಗೆ ಕನ್ನಡಕ ತೆಗೆದು ನಕ್ಕರು. ಕಾವೇರಿಬಾಯಿ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಕಣ್ಣು ಒರೆಸಿಕೊಂಡರು.

"ಇಷ್ಟು ಸಂಗೀತ ಬಲ್ಲಾಂವ, ನಿನ್ನ ದನಿ ಒಡೆಯೋದು ಕಿವಿಯಾರೆ ಕೇಳಿನೂ ಕೈ ಹಿಡೀತೀನಿ ಅಂತಾನ. ದೇವರಂಥ ಮನಷ್ಯಾ. ಜನ್ಮಿರೋತನಕ ಈ ಉಪಕಾರ ಮರೀಬ್ಯಾಡವ್ವಾ."

ಅಹಲ್ಯಾ ನಿಜ ಹೇಳಲು ಬಾಯಿ ತೆರೆದಳು. ಚಾಪೆಯ ಮೇಲೆ ವಾದಿರಾಜ ಆ ಹೊಗಳಿಕೆಯನ್ನೆಲ್ಲ ತಲೆ ತಗ್ಗಿಸಿ, ಬಲು ವಿನಯದಿಂದ ಸ್ವೀಕರಿಸುತ್ತಿದ್ದ. ತುಟಿಯ ಅಂಚು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ.

"ಮರೆಯಂಗಿಲ್ಲ, ಅಜ್ಜಿ," ಎಂದಳು. ಇದನ್ನು ಅಜ್ಜಿಗಷ್ಟೇ ಅಲ್ಲ, ಮುಂದೆ ಹುಟ್ಟುವ ಮಕ್ಕಳಿಗೂ ಹೇಳಬಾರದು ಎಂದು ಅಲ್ಲೇ ತೀರ್ಮಾನಿಸಿದಳು.